ಮಾವನವರ ಬೈಕು, ನನ್ನ ಸ್ಟ್ರೀಟ್‌ಫೈಟರ್

ಸ್ಟ್ರೀಟ್‌ಫೈಟರ್ ಬೈಕು ಕಟ್ಟುವುದಕ್ಕಿಂತ ಸುಲಭದ ಕೆಲಸ ಈ ಲೋಕದಲ್ಲಿ ಇನ್ನೊಂದಿಲ್ಲ ಎಂದು ನಾನು ನಂಬಿದ್ದೆ. ಯಾಕೆಂದರೆ ಅದರಲ್ಲಿ ಕಟ್ಟುವುದು ಏನೂ ಇಲ್ಲ, ಬರೀ ಕಿತ್ತುಹಾಕುವುದು! ಒಂದು ಹಳೆಯ ಬೈಕು ತೆಗೆದುಕೊಳ್ಳಬೇಕು. ಅದರ ಮೈಮೇಲಿರುವ ಹೆಚ್ಚುವರಿ ಸಾಮಾನನ್ನೆಲ್ಲ ಬಿಚ್ಚಬೇಕು. ಅಗಲವಾದ ನೇರ ಹ್ಯಾಂಡಲ್ ಹಾಕಬೇಕು, ಹಿಂಭಾಗವನ್ನು ಮೊಟಕು ಮಾಡಬೇಕು, ಮುಂದೆ ಸಿಟ್ಟಿನ ಮುಖದ ಒಂದು ಸಣ್ಣ ಹೆಡ್‌ಲೈಟ್ ಕೂರಿಸಬೇಕು. ನೋಡಿದವರಿಗೆ ಗಾಡಿ ಬೀದಿಯಲ್ಲಿ ಜಗಳಕ್ಕೆ ನಿಂತ ಹಾಗೆ ಕಾಣಬೇಕು. ಇದಿಷ್ಟನ್ನೂ ನಾನು ಫೋನಿನಲ್ಲಿ ಒಂದು ವಿಡಿಯೋ ನೋಡಿ ಕಲಿತೆ. ಎರಡನೇ ಸಲ ನೋಡುವ ಅಗತ್ಯವೂ ಬೀಳಲಿಲ್ಲ.

ಅಂದಹಾಗೆ, ನಾನು ಜಯನಗರದ ಒಂದು ಕಾಲೇಜಿನಲ್ಲಿ ಲೈಬ್ರರಿಯನ್. ಇಪ್ಪತ್ತೆರಡು ವರ್ಷಗಳಿಂದ ಜನರಿಗೆ 'ಶ್ಶ್!' ಎನ್ನುವುದು ನನ್ನ ವೃತ್ತಿ. ಮನೆಯಲ್ಲಿ ಟ್ಯೂಬ್‌ಲೈಟ್ ಕೆಟ್ಟರೆ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡುವಷ್ಟು ತಾಂತ್ರಿಕ ಜ್ಞಾನ ನನಗಿದೆ. ನಲವತ್ತೇಳನೇ ವಯಸ್ಸಿಗೆ ನನ್ನೊಳಗೆ ಒಬ್ಬ ಬೈಕ್ ಶಿಲ್ಪಿ ಎಚ್ಚರವಾದ ಎಂದರೆ ಅದಕ್ಕೆ ನಾನೊಬ್ಬನೇ ಹೊಣೆಯಲ್ಲ. ಹನುಮಂತನಗರದಲ್ಲಿ ನನ್ನ ಮಾವನವರ ಬೈಕು ಎರಡು ವರ್ಷದಿಂದ ಟಾರ್ಪಾಲು ಹೊದ್ದು ನಿಂತಿತ್ತು.

ಮಾವ ಬಸವರಾಜಪ್ಪನವರಿಗೆ ಈಗ ಎಪ್ಪತ್ತೆರಡು. ಮೂವತ್ತು ವರ್ಷ ಪಾತ್ರೆ ಅಂಗಡಿ ನಡೆಸಿದವರು. ದಿನಾ ಹಣೆಯ ಮೇಲೆ ಮೂರೆಳೆ ವಿಭೂತಿ ಹಚ್ಚಿ, ಇದೇ ಬೈಕಿನಲ್ಲಿ ಕೊಳಗ, ತಪ್ಪಲೆ ಕಟ್ಟಿಕೊಂಡು ಊರೆಲ್ಲ ತಿರುಗಿದವರು. ಪ್ರತಿ ಆಯುಧಪೂಜೆಯ ದಿನ ತಮ್ಮ ಗೇಟಿನ ಮುಂದೆ ಗಾಡಿಗೆ ಪೂಜೆ ಮಾಡಿ, ಅದರ ಮೇಲೇ ಗುಡ್ಡದ ದೇವಸ್ಥಾನದವರೆಗೆ ಹೋಗಿ ಕೈಮುಗಿದು ಬರುವುದು ಅವರ ಪದ್ಧತಿ. ಎರಡು ವರ್ಷದ ಹಿಂದೆ, ಆ ಭಾರದ ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಮೇಲೆ ಎಳೆಯಲು ಹೋಗಿ, ವಾಲಿಸಿಕೊಂಡು ಬಿದ್ದರು. ಮೊಣಕೈ ತರಚಿತು, ಅಷ್ಟೇ. ಆದರೆ ಅವರ ಮಗಳು, ಅಂದರೆ ನನ್ನ ಹೆಂಡತಿ ಗಿರಿಜಾ, ಅವತ್ತೇ ಕೀ ಕಿತ್ತಿಟ್ಟುಕೊಂಡಳು.

ಅವತ್ತಿನಿಂದ ಮಾವ ಆಯುಧಪೂಜೆಗೆ ದೇವಸ್ಥಾನಕ್ಕೆ ಹೋಗುವುದನ್ನೇ ಬಿಟ್ಟರು. "ಆಟೋದಲ್ಲಿ ಹೋಗೋಣ ಬನ್ನಿ ಅಪ್ಪಾ" ಎಂದರೆ, "ಆಟೋದಲ್ಲಿ ಹೋಗೋಕೆ ಅದೇನು ಆಸ್ಪತ್ರೆನಾ?" ಎಂದು ಪೇಪರ್ ಓದುತ್ತಾ ಕೂತುಬಿಡುತ್ತಿದ್ದರು. ಗಿರಿಜಾಗೆ ಅದು ಒಳಗೊಳಗೇ ಕೊರೆಯುತ್ತಿತ್ತು.

"ರೀ, ಈ ಸಲ ಅಪ್ಪ ಅದೇ ಗಾಡಿ ಮೇಲೆ ದೇವಸ್ಥಾನಕ್ಕೆ ಹೋಗ್ಬೇಕು. ನೀವು ಓಡ್ಸಿ, ಅವರು ಹಿಂದೆ ಕೂತ್ಕೊಳ್ಳಲಿ. ನಾನು ಮಾತು ಕೊಟ್ಬಿಟ್ಟಿದೀನಿ," ಎಂದಳು.

"ಇಷ್ಟೇ ತಾನೇ? ಬರೀ ರಿಪೇರಿ ಯಾಕೆ, ಗಾಡಿನ ಸ್ಟ್ರೀಟ್‌ಫೈಟರ್ ಮಾಡಿ ತೋರಿಸ್ತೀನಿ!"

"ಅದೇನೋ ನಂಗೊತ್ತಿಲ್ಲ. ಅಪ್ಪ ಆರಾಮಾಗಿ ಕೂತ್ರೆ ಸಾಕು."

ಮಾವ ಗಾಡಿ ಕೊಡುವಾಗ ಒಂದೇ ಮಾತು ಹೇಳಿದರು. "ಏನಾದ್ರೂ ಮಾಡ್ಕೊಳ್ಳಿ ಅಳಿಯಂದ್ರೇ. ಪೂಜೆ ದಿನ ಹನ್ನೆರಡಕ್ಕೆ ರಾಹುಕಾಲ ಶುರುವಾಗತ್ತೆ. ಅಷ್ಟರೊಳಗೆ ಗಾಡಿ ನನ್ನ ಗೇಟ್ ಮುಂದೆ ಇರ್ಬೇಕು."

"ಹನ್ನೊಂದಕ್ಕೇ ಇರತ್ತೆ ಮಾವ!" ಎಂದೆ. ಅವರು ನನ್ನ ಮುಖವನ್ನೊಮ್ಮೆ, ಗಾಡಿಯನ್ನೊಮ್ಮೆ ನೋಡಿ ಒಳಗೆ ಹೋದರು.

ಮೊದಲು ಗಾಡಿಯನ್ನು ಸುದ್ದಗುಂಟೆಪಾಳ್ಯದ ಮೆಕ್ಯಾನಿಕ್ ಬಾಬಣ್ಣನ ಹತ್ತಿರ ಸಾಗಿಸಿದೆ. ಬಾಬಣ್ಣ ಇಂಜಿನ್, ಬ್ರೇಕು ಎಲ್ಲ ಬಿಚ್ಚಿ, ತೊಳೆದು, ಜೋಡಿಸಿ, ಒಂದೇ ಕಿಕ್ಕಿಗೆ ಸ್ಟಾರ್ಟ್ ಮಾಡಿ ತೋರಿಸಿದ. ಅಲ್ಲಿಗೆ ಮುಗಿಸಿದ್ದರೆ ಈ ಬರಹವೂ ಇರುತ್ತಿರಲಿಲ್ಲ, ನನ್ನ ಮಾನವೂ ಉಳಿಯುತ್ತಿತ್ತು. ಆದರೆ ನಾನು ಅವನಿಗೆ ನನ್ನ ಮಹಾ ಯೋಜನೆಯನ್ನು ವಿವರಿಸಿದೆ.

"ಯಾಕ್ ಸಾರ್ ಹಾಳ್ ಮಾಡ್ತೀರಾ? ಗಾಡಿ ಕಲ್ಲಿದ್ದಂಗಿದೆ," ಎಂದ.

"ಬಾಬಣ್ಣ, ಇದು ಕಲೆ. ಬಾಡಿ ಕೆಲಸ ನಾನೇ ಮನೇಲಿ ಮಾಡ್ತೀನಿ. ಕಮ್ಮಿ ಖರ್ಚಲ್ಲಿ ಆಗ್ಬೇಕಲ್ಲ."

ಬಾಬಣ್ಣ ಕೈ ಒರೆಸಿಕೊಂಡು ಗಂಭೀರವಾಗಿ ಹೇಳಿದ. "ಮಾಡಿ ಸಾರ್. ಆದ್ರೆ ಕನ್ನಡಿ, ಇಂಡಿಕೇಟರ್, ನಂಬರ್ ಪ್ಲೇಟು, ಸೈಲೆನ್ಸರ್, ಈ ನಾಲ್ಕನ್ನ ಮಾತ್ರ ಮುಟ್ಬೇಡಿ. ಮುಟ್ಟಿದ್ರೆ ನನ್ನ ಹೆಸ್ರು ಎಲ್ಲೂ ಹೇಳ್ಬೇಡಿ. ಮತ್ತೆ, ಚೈನ್ ಕವರ್ ಇರ್ಲಿ."

"ಫೈಟರ್‌ಗೆ ಕವರ್ ಯಾಕೆ ಬಾಬಣ್ಣ?" ಎಂದು ನಕ್ಕೆ. ಬಾಬಣ್ಣ ನಗಲಿಲ್ಲ.

ಕತ್ರಿಗುಪ್ಪೆಯಲ್ಲಿ ನಾವಿರುವುದು ಬಾಡಿಗೆ ಮನೆ, ಕೆಳಗಿನ ಅಂತಸ್ತು. ಮೇಲೆ ಓನರ್ ಸರೋಜಮ್ಮನವರು. ಮನೆಯ ಹಿಂದೆ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಸ್ವಲ್ಪ ಜಾಗವಿದೆ. ಅಲ್ಲಿಂದ ಗೇಟಿಗೆ ಬರಲು ಗೋಡೆಗೂ ಕಾಂಪೌಂಡಿಗೂ ನಡುವೆ ಒಂದು ಓಣಿ. ಗಾಡಿಯನ್ನು ಓಣಿಯಲ್ಲಿ ತಳ್ಳಿಕೊಂಡು ಹೋಗಿ ಹಿಂದೆ ನಿಲ್ಲಿಸಿದೆ. ಸ್ಪ್ಯಾನರ್ ಪೆಟ್ಟಿಗೆ ಕೊಂಡುತಂದೆ. ವಿಡಿಯೋದಲ್ಲಿ ಹೇಳಿದ ಕ್ರಮವನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಶುದ್ಧ ಅಕ್ಷರದಲ್ಲಿ ಬರೆದಿಟ್ಟುಕೊಂಡೆ. ಲೈಬ್ರರಿಯನ್ ನೋಡಿ, ದಾಖಲೆಯಿಲ್ಲದೆ ಕೈ ಆಡುವುದಿಲ್ಲ.

ಕೀಳುವ ಕೆಲಸ ಬಹಳ ಸೊಗಸಾಗಿ ನಡೆಯಿತು. ಮೊದಲ ಭಾನುವಾರ ಸೀರೆ ಗಾರ್ಡ್ ಹೋಯಿತು. ಅದರ ಜೊತೆಗೆ ಲೆಗ್ ಗಾರ್ಡ್, ಹಿಂದಿನವರು ಹಿಡಿದುಕೊಳ್ಳುವ ಕಂಬಿ, ಕಾಲಿಡುವ ಫುಟ್‌ರೆಸ್ಟ್. ಎರಡನೇ ಭಾನುವಾರ ಚೈನ್ ಕವರ್, ಪಾತ್ರೆ ಕಟ್ಟುತ್ತಿದ್ದ ದಪ್ಪ ಕಬ್ಬಿಣದ ಕ್ಯಾರಿಯರ್, ಸೆಂಟರ್ ಸ್ಟ್ಯಾಂಡ್. ಸೈಡ್ ಸ್ಟ್ಯಾಂಡ್ ಒಂದು ಸಾಕು, ಫೈಟರ್ ಯಾವಾಗಲೂ ಸ್ವಲ್ಪ ವಾಲಿಕೊಂಡೇ ನಿಲ್ಲಬೇಕು. ಮಾವನವರು ಆ ಗಾಡಿಗೆ ಎಷ್ಟು ಕಬ್ಬಿಣ ಜೋಡಿಸಿದ್ದರೆಂದರೆ, ಗೋಣಿಚೀಲ ತುಂಬಿ, ಇನ್ನೊಂದು ಗೋಣಿಚೀಲವನ್ನು ಹುಡುಕಬೇಕಾಯಿತು.

"ಉಳಿದಿರೋದು ಏನಾದ್ರೂ ಇದ್ಯಾ?" ಎಂದು ಗಿರಿಜಾ ಅಡುಗೆಮನೆ ಕಿಟಕಿಯಿಂದಲೇ ಕೇಳಿದಳು.

"ಆತ್ಮ ಉಳಿದಿದೆ!"

"ಅಳತೆ ಗಿಳತೆ ತಗೊಂಡು ಮಾಡ್ತಿದೀರಾ ತಾನೇ?"

ಗಿರಿಜಾ ಮನೆಯಲ್ಲಿ ಹೊಲಿಗೆ ಕ್ಲಾಸ್ ನಡೆಸುತ್ತಾಳೆ. ಎರಡೆರಡು ಸಲ ಟೇಪು ಹಿಡಿಯದೆ ಒಂದು ಕಾಜಾ ಕೂಡ ಹಾಕುವವಳಲ್ಲ. ಬಟ್ಟೆ ಬೇರೆ, ಬೈಕು ಬೇರೆ ಎಂದು ನಾನು ಅವಳಿಗೆ ತಿಳಿಹೇಳಿದೆ. ಬೈಕು ಕಟ್ಟುವವನ ಟೇಪು ಅವನ ಕಣ್ಣಿನಲ್ಲಿರುತ್ತದೆ ಎಂದೂ ಸೇರಿಸಿದೆ. ಆ ಮಾತು ವಿಡಿಯೋದಲ್ಲಿ ಇರಲಿಲ್ಲ, ನನ್ನದೇ.

ಇನ್ನು ಬಣ್ಣ. ಸ್ಟ್ರೀಟ್‌ಫೈಟರ್‌ಗೆ ಹೊಳಪಿಲ್ಲದ ಕಪ್ಪು ಬಣ್ಣವೇ ಆಗಬೇಕು. ಅಂಗಡಿಯಲ್ಲಿ ಅದರ ಬೆಲೆ ಕೇಳಿ ಹಾಗೇ ಮನೆಗೆ ಬಂದೆ. ಮಾರನೇ ದಿನ ಕಾಲೇಜಿನ ಸ್ಟೋರಿನಲ್ಲಿ ಪರಿಹಾರ ಸಿಕ್ಕಿತು. ಕ್ಲಾಸುಗಳಿಗೆಲ್ಲ ವೈಟ್‌ಬೋರ್ಡ್ ಬಂದ ಮೇಲೆ ಯಾರಿಗೂ ಬೇಡವಾಗಿದ್ದ ಒಂದು ಡಬ್ಬ ಬ್ಲ್ಯಾಕ್‌ಬೋರ್ಡ್ ಪೇಂಟ್! ಪ್ರಿನ್ಸಿಪಾಲರನ್ನು ಕೇಳಿ ತಂದೆ, ಬಳಿದೆ. ನಿಜ ಹೇಳಬೇಕೆಂದರೆ ಬಹಳ ಚೆನ್ನಾಗಿ ಕೂತಿತು. ಎರಡು ದಿನ ಬಿಟ್ಟು ಬೆಳಿಗ್ಗೆ ಹೋಗಿ ನೋಡುತ್ತೇನೆ, ಪೆಟ್ರೋಲ್ ಟ್ಯಾಂಕಿನ ಮೇಲೆ ಸೀಮೆಸುಣ್ಣದಲ್ಲಿ ದಪ್ಪ ಅಕ್ಷರ: 'ಸಂಪು ತುಂಬಿದೆ. ಮೋಟಾರ್ ಆಫ್ ಮಾಡಿ.'

ಸರೋಜಮ್ಮನವರನ್ನು ಕೇಳಿದೆ.

"ಮೋಟಾರ್ ಸ್ವಿಚ್ಚು ಅಲ್ಲೇ ಇದ್ಯಲ್ಲಪ್ಪಾ, ಬೋರ್ಡು ಚೆನ್ನಾಗಿ ಕಾಣ್ಸತ್ತೆ ಅಂತ ಬರ್ದೆ," ಎಂದರು. ಅದು ಬೋರ್ಡಲ್ಲ ಎಂದು ಹೇಳಬೇಕೆನ್ನಿಸಿತು. ಬಾಡಿಗೆ ಮನೆ, ಸುಮ್ಮನಾದೆ. ಸೀಮೆಸುಣ್ಣವನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಹೋಗುತ್ತಿತ್ತು. ಮಾರನೇ ದಿನ ಮತ್ತೆ ಬರುತ್ತಿತ್ತು.

ಕೊನೆಗೆ ಸೀಟು. ಬನಶಂಕರಿಯ ಒಂದು ಕುಶನ್ ಅಂಗಡಿಗೆ ಸೀಟನ್ನು ಹೊತ್ತುಕೊಂಡು ಹೋದೆ.

"ಎಷ್ಟು ಕಮ್ಮಿ ಮಾಡ್ಲಿ ಸಾರ್?"

"ನೋಡ್ದೋರು ಬೆಚ್ಚಿಬೀಳ್ಬೇಕು, ಅಷ್ಟು!"

ಅವನು ಹಿಂದಿನ ಅರ್ಧವನ್ನು ಪೂರ್ತಿ ಕತ್ತರಿಸಿದ. ಮುಂದಿನ ಅರ್ಧದಿಂದ ಸ್ಪಂಜನ್ನು ಕೈತುಂಬ ಕಿತ್ತು ತೆಗೆದ. ತಂದು ಕೂರಿಸಿ, ಹತ್ತಿ ಕೂತೆ. ನನ್ನ ಎತ್ತರ ಆರು ಅಡಿಗೆ ಒಂದಿಂಚು ಕಮ್ಮಿ. ಮೊಣಕಾಲುಗಳು ಮೇಲೆ ಬಂದು ಗಲ್ಲವನ್ನು ವಿಚಾರಿಸಿಕೊಂಡವು. ಪರವಾಗಿಲ್ಲ, ಕಲೆಗೆ ಸ್ವಲ್ಪ ಕಷ್ಟಪಡಬೇಕು ಎಂದುಕೊಂಡೆ. ಹಿಂದೆ ಮಡ್‌ಗಾರ್ಡ್ ಕೂಡ ಅರ್ಧ ಮೊಟಕಾಗಿ, ಗಾಡಿ ಹಿಂದಿನಿಂದ ಎಷ್ಟು ಚೂಪಾಗಿ ಕಾಣುತ್ತಿತ್ತೆಂದರೆ ಅರ್ಧ ಗಂಟೆ ಅದನ್ನೇ ನೋಡುತ್ತಾ ಒಗೆಯುವ ಕಲ್ಲಿನ ಮೇಲೆ ಕೂತಿದ್ದೆ.

ಈ ಹಂತದಲ್ಲಿ ಜಾಣ ಓದುಗರಿಗೆ ಒಂದು ಪ್ರಶ್ನೆ ಹೊಳೆದಿರಬಹುದು. ನನಗೆ ಹೊಳೆಯಲಿಲ್ಲ.

ಗಿರಿಜಾಗೂ ಹೊಳೆಯುವ ಅವಕಾಶ ಕೊಡಲಿಲ್ಲ. ಪೂಜೆಯ ದಿನವೇ ಎಲ್ಲರಿಗೂ ದರ್ಶನ ಎಂದು ಗಾಡಿಗೆ ಹಳೆಯ ಬೆಡ್‌ಶೀಟು ಹೊದಿಸಿ, ಆಕಾರ ಗೊತ್ತಾಗದಿರಲೆಂದು ಹಿಂದಿನ ಸೀಟಿದ್ದ ಜಾಗಕ್ಕೆ ಒಂದು ರಟ್ಟಿನ ಪೆಟ್ಟಿಗೆ ಇಟ್ಟು ಕಾಯುತ್ತಿದ್ದೆ. ಸರೋಜಮ್ಮನವರು ಮಾತ್ರ ಬೆಡ್‌ಶೀಟು ಸರಿಸಿ ಬರೆಯುವುದನ್ನು ಬಿಡಲಿಲ್ಲ. ಗಿರಿಜಾ ದಿನಾ ರಾತ್ರಿ ಊಟದ ಹೊತ್ತಿಗೆ, "ಅಪ್ಪ ಆರಾಮಾಗಿ ಕೂರೋ ಹಾಗಿದೆ ತಾನೇ?" ಎಂದು ಕೇಳುತ್ತಿದ್ದಳು. ನಾನು ಹ್ಯಾಂಡಲ್‌ಬಾರಿನ ಕನಸಿನಲ್ಲಿ "ಹೂಂ, ಹೂಂ" ಎನ್ನುತ್ತಾ ಸಾರನ್ನ ಕಲಸುತ್ತಿದ್ದೆ.

ಪೂಜೆಯ ಹಿಂದಿನ ದಿನ ಸಂಜೆ ಬಾಬಣ್ಣ ಹೊಸ ಹ್ಯಾಂಡಲ್‌ಬಾರ್ ತಂದ. ನೇರ, ಅಗಲ, ಭವ್ಯ! ಹೆಡ್‌ಲೈಟಿಗೆ ನಾನು ಹಳೆಯ ಪ್ಲಾಸ್ಟಿಕ್ ಬಕೆಟ್ ಕತ್ತರಿಸಿ ಮಾಡಿದ ಸಿಟ್ಟಿನ ಮುಖವನ್ನು ನೋಡಿ ಏನೂ ಹೇಳದೆ, ಹ್ಯಾಂಡಲನ್ನು ಮಾತ್ರ ಬಲವಾಗಿ ಬಿಗಿದ. ಹೊರಡುವಾಗ ಗಾಡಿಯ ಹಿಂಭಾಗದ ಕಡೆ ಬೆರಳು ತೋರಿಸಿ ಏನೋ ಹೇಳಲು ಬಾಯಿ ತೆರೆದ. ನಾನು ಅವನ ಕೈಗೆ ಒಂದು ಲೋಟ ಕಾಫಿ ಕೊಟ್ಟು, "ಹೇಗಿದೆ?" ಎಂದೆ.

"ಕಾಫಿ ಚೆನ್ನಾಗಿದೆ ಸಾರ್," ಎಂದ.

ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ಬಿಳಿ ಶರ್ಟು ತೊಟ್ಟೆ. ಗಾಂಧಿಬಜಾರಿನಿಂದ ತಂದಿದ್ದ ಎರಡು ಮಾರು ಉದ್ದದ ಸೇವಂತಿಗೆ ಹಾರವನ್ನು ಗಾಡಿಗೆ ಮುಂದಿನಿಂದ ಹಿಂದಿನವರೆಗೂ ಹಾಕಿದೆ. "ಅಪ್ಪನ ಮನೆಗೆ ಹೋಗಿ ಹಾಕೋಣ ರೀ" ಎಂದು ಗಿರಿಜಾ ಹೇಳಿದಳು. ಗಾಡಿ ಮೆರವಣಿಗೆಯ ಹಾಗೆ ಹೋಗಬೇಕು ಎಂದು ಹಟ ಹಿಡಿದೆ. ಆಮೇಲೆ ಅವಳನ್ನು ಕರೆದು, ಹಾರವನ್ನು ಸರಿಸಿ, ಬೆಡ್‌ಶೀಟು ಎಳೆದೆ.

ಗಿರಿಜಾ ತುಂಬ ಹೊತ್ತು ನೋಡಿದಳು. ಮೆಚ್ಚುಗೆಯಿಂದ ಮಾತು ಹೊರಡುತ್ತಿಲ್ಲ ಎಂದುಕೊಂಡೆ.

"ರೀ, ಅಪ್ಪ ಎಲ್ಲಿ ಕೂತ್ಕೋತಾರೆ?"

ಆಗ ಹೊಳೆಯಿತು! ಒಂದೂವರೆ ತಿಂಗಳು ಹೊಳೆಯದೇ ಇದ್ದದ್ದು ಒಂದೇ ಕ್ಷಣದಲ್ಲಿ ಪೂರ್ತಿಯಾಗಿ ಹೊಳೆಯಿತು. ಹಿಂದಿನ ಸೀಟಿಲ್ಲ. ಹಿಡಿಯುವ ಕಂಬಿಯಿಲ್ಲ. ಕಾಲಿಡುವ ಫುಟ್‌ರೆಸ್ಟೂ ಇಲ್ಲ. ಯಾರನ್ನು ಕೂರಿಸಿಕೊಂಡು ಹೋಗಲೆಂದು ಗಾಡಿ ತಂದೆನೋ, ಅವರಿಗೆ ಬೇಕಾದದ್ದನ್ನೆಲ್ಲ ಆರಿಸಿ ಆರಿಸಿ ಕಿತ್ತು ಗೋಣಿಚೀಲಕ್ಕೆ ತುಂಬಿದ್ದೆ.

"ಟ್ಯಾಂಕ್ ಮೇಲೆ ಕೂರಿಸ್ಕೋತೀರಾ? ಮಗು ಥರ?" ಅವಳು ಬೆಡ್‌ಶೀಟು ಎತ್ತಿ ಮಡಚತೊಡಗಿದಳು. "ದಿನಾ ಕೇಳ್ದೆ. ದಿನಾ ಹೂಂ ಅಂದ್ರಿ."

ಕೋಪ ಮಾಡಿಕೊಂಡಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳ ಕಣ್ಣು ತುಂಬಿತ್ತು. ನನಗೆ ನನ್ನ ಮೇಲೆಯೇ ಅಸಹ್ಯವಾಯಿತು. "ಮೊದಲು ಗಾಡಿ ತಗೊಂಡು ಹೋಗಿ ಮುಟ್ಟಿಸ್ತೀನಿ ಗಿರಿಜಾ. ಪೂಜೆ ಆದ್ರೂ ಆಗ್ಲಿ. ಮಾವನ ಹತ್ರ ನಾನೇ ತಪ್ಪೊಪ್ಕೋತೀನಿ," ಎಂದು ಗಾಡಿಯನ್ನು ಓಣಿಯ ಕಡೆ ತಳ್ಳಿದೆ.

ಟಕ್ ಎಂದಿತು. ಹ್ಯಾಂಡಲಿನ ಬಲತುದಿ ಮನೆಯ ಗೋಡೆಗೆ, ಎಡತುದಿ ಕಾಂಪೌಂಡಿಗೆ! ಒಗೆಯುವ ಕಲ್ಲಿನ ಹತ್ತಿರ ಜಾಗವಿತ್ತು, ಓಣಿಯಲ್ಲಿ ಇರಲಿಲ್ಲ. ಆ ಕಡೆ ತಿರುಗಿಸಿದೆ, ಈ ಕಡೆ ತಿರುಗಿಸಿದೆ. ಗೋಡೆಯ ಸುಣ್ಣ ಉದುರಿತೇ ಹೊರತು ಗಾಡಿ ಕದಲಲಿಲ್ಲ. ಗಿರಿಜಾ ಟೇಪಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

"ಏನಿಲ್ಲ, ನಾಲ್ಕು ಬೋಲ್ಟು. ಬಿಚ್ಚಿ, ಆಚೆ ಹೋಗಿ ಮತ್ತೆ ಹಾಕಿದ್ರಾಯ್ತು. ಸ್ಪ್ಯಾನರ್ ಪೆಟ್ಟಿಗೆ ಎಲ್ಲಿ?"

"ದೇವರ ಮುಂದೆ."

ಓಡಿಹೋಗಿ ನೋಡಿದೆ. ಹೊಲಿಗೆ ಮೆಷಿನ್ನು, ಕತ್ತರಿ, ಟೇಪು, ಈಳಿಗೆಮಣೆ, ಅವುಗಳ ಪಕ್ಕದಲ್ಲಿ ನನ್ನ ಅಷ್ಟೂ ಸ್ಪ್ಯಾನರುಗಳು ಸಾಲಾಗಿ ಕುಂಕುಮ ಹಚ್ಚಿಕೊಂಡು, ತಲೆಗೊಂದು ಹೂವು ಇಟ್ಟುಕೊಂಡು ಮಲಗಿದ್ದವು. ಸರಸ್ವತಿ ಪೂಜೆಯ ಪುಸ್ತಕಗಳ ಮೇಲೆ ನನ್ನ ನೋಟ್‌ಬುಕ್ಕೂ ಇತ್ತು. ಆಯುಧಪೂಜೆಗೆ ಇಟ್ಟ ಸಾಮಾನನ್ನು ಮಾರನೇ ದಿನದವರೆಗೆ ಮುಟ್ಟುವ ಹಾಗಿಲ್ಲ. ಅವಕ್ಕೆ ವರ್ಷಕ್ಕೊಂದೇ ರಜೆ. ಆ ರಜೆ ಇವತ್ತೇ!

ಬಾಬಣ್ಣನಿಗೆ ಫೋನ್ ಮಾಡಿದೆ. "ಸಾರ್, ನಂದೂ ಎಲ್ಲ ಪೂಜೆಗಿಟ್ಟಾಯ್ತು," ಎಂದ.

"ಬಾಬಣ್ಣ, ತುರ್ತು ಪರಿಸ್ಥಿತಿ!"

"ಸಾರ್, ಬೆಳಿಗ್ಗೆ ನನ್ನ ಗಾಡಿನೇ ಕೆಟ್ಟೋಯ್ತು. ನಾನೇ ತಳ್ಕೊಂಡು ಬಂದೆ. ಮುಟ್ಲಿಲ್ಲ."

ದಾರಿಯುದ್ದಕ್ಕೂ ಇರುವ ಗ್ಯಾರೇಜುಗಳಿಗೆಲ್ಲ ಓಡಿದೆ. ಎಲ್ಲೆಡೆ ಬಾಳೆಕಂದು, ಎಲ್ಲೆಡೆ ಊದಿನಕಡ್ಡಿ, ಎಲ್ಲೆಡೆ "ಇವತ್ತು ಆಗಲ್ಲ ಸಾರ್, ಪುರಿ ತಗೊಳ್ಳಿ." ಇಡೀ ದಕ್ಷಿಣ ಬೆಂಗಳೂರಿನಲ್ಲಿ ಒಂದು ಬೋಲ್ಟು ಬಿಚ್ಚುವವರಿಲ್ಲ! ಐದು ಪೊಟ್ಟಣ ಕಡ್ಲೆಪುರಿ ಹಿಡಿದುಕೊಂಡು ವಾಪಸು ಬಂದೆ.

ಗಿರಿಜಾ ಕೊನೆಯ ಆಸೆಯಿಂದ ಮಾವನಿಗೆ ಫೋನ್ ಮಾಡಿದಳು. "ಅಪ್ಪಾ, ಒಂದೇ ಒಂದು ಸ್ಪ್ಯಾನರ್ ತೆಗೀಬಹುದಾ?"

"ಮುಟ್ಬೇಡ," ಎಂದಿತು ಆ ಕಡೆಯ ದನಿ. ಮತ್ತೆ ತಾನೇ ಮೆತ್ತಗಾಯಿತು. "ನಿಧಾನಕ್ಕೆ ಬನ್ನಿ, ಅವಸರ ಮಾಡ್ಬೇಡಿ. ನಾನು ಆಗ್ಲೇ ಸ್ನಾನ ಮಾಡಿ, ಹೊಸ ಪ್ಯಾಂಟ್ ಹಾಕ್ಕೊಂಡು ಗೇಟ್ ಹತ್ರಾನೇ ಕೂತಿದೀನಿ."

ಅವಸರ ಮಾಡಬೇಡಿ ಎಂದರು ನಿಜ, ಆದರೆ ಹೊಸ ಪ್ಯಾಂಟು ಹಾಕಿಕೊಂಡು ಗೇಟಿನ ಹತ್ತಿರ ಕೂತಿದ್ದಾರಂತೆ. ನಾನೂ ಗಿರಿಜಾನೂ ಮುಖ ಮುಖ ನೋಡಿಕೊಂಡೆವು. ಗಂಟೆ ಹತ್ತೂಮುಕ್ಕಾಲು.

ಆಗ ಪಕ್ಕದ ಮನೆಯಲ್ಲಿ ಬಾಡಿಗೆಗಿರುವ ಹುಬ್ಬಳ್ಳಿಯ ಅಣ್ಣತಮ್ಮಂದಿರು ಪುರಿ ಹಂಚಲು ಬಂದರು. ಇಬ್ಬರೂ ಜಿಮ್ಮಿಗೆ ಹೋಗುವವರು.

"ಏನ್ರೀ ಸರ, ಗಾಡಿ ಸಿಕ್ಕೊಂಡೈತಲ್ರೀ!" ಎಂದ ಅಣ್ಣ.

"ಸ್ಪ್ಯಾನರ್ ಮುಟ್ಟೋ ಹಾಗಿಲ್ಲಪ್ಪ."

"ಸ್ಪ್ಯಾನರ್ ಯಾಕ್ ಬೇಕ್ರೀ? ಗಾಡಿ ಮಗ್ಗಲಿಗೆ ವಾಲ್ಸೂಣು, ಹ್ಯಾಂಡ್ಲು ಮ್ಯಾಲೊಂದು ತುದಿ ಕೆಳಗೊಂದು ತುದಿ ಆಕ್ಕತಿ. ಎತ್ರಿ!"

ಅವರಿಬ್ಬರು ಹಿಂದೆ ಮುಂದೆ, ನಾನು ನಡುವೆ. ಗಾಡಿಯನ್ನು ಅಡ್ಡ ಮಲಗಿಸಿ ಎತ್ತಿದೆವು. ಹಾರ ಹಾಕಿದ ಆ ಕಪ್ಪು ಗಾಡಿಯನ್ನು ಹೊತ್ತು ನಾವು ಓಣಿಯಲ್ಲಿ ನಿಧಾನವಾಗಿ ಬರುತ್ತಿದ್ದರೆ, ಸರೋಜಮ್ಮ ಮೇಲಿನಿಂದ ನೋಡಿ ಎದೆಯ ಮೇಲೆ ಕೈಯಿಟ್ಟು, "ಅಯ್ಯೋ ಶಿವನೇ, ಹಬ್ಬದ ದಿನ ಯಾರಪ್ಪಾ?" ಎಂದರು. ಟ್ಯಾಂಕಿನಿಂದ ಪೆಟ್ರೋಲು ತೊಟ್ಟಿಕ್ಕಿ ನನ್ನ ಬಿಳಿ ಶರ್ಟಿಗೆ ಅಭಿಷೇಕವಾಯಿತು. ಆದರೆ ಗಾಡಿ ಹೊರಗೆ ಬಂತು! "ಭಾಳ ಹಗೂರ ಐತ್ರೀ ಸರ!" ಎಂದು ತಮ್ಮ ಆಶ್ಚರ್ಯಪಟ್ಟ. ನಾನು ಅವನ ಬೆನ್ನು ತಟ್ಟಿ, ಹೆಲ್ಮೆಟ್ ಹಾಕಿಕೊಂಡು, ಮೊಣಕಾಲು ಮಡಚಿ ಹತ್ತಿ ಕೂತೆ. ಗಿರಿಜಾ ಬೂದುಗುಂಬಳಕಾಯಿ, ತೆಂಗಿನಕಾಯಿ ಎಲ್ಲ ಇಟ್ಟುಕೊಂಡು ಸ್ಕೂಟರಿನಲ್ಲಿ ಹಿಂದೆ ಹೊರಟಳು.

ಒಂದೇ ಕಿಕ್ಕಿಗೆ ಸ್ಟಾರ್ಟ್. ಗಾಳಿ ಮುಖಕ್ಕೆ ಬಡಿಯಿತು. ನಿಜ ಹೇಳುತ್ತೇನೆ, ಆ ಐದು ನಿಮಿಷ ನಾನು ಲೈಬ್ರರಿಯನ್ ಆಗಿರಲಿಲ್ಲ. ಸಿಗ್ನಲ್ಲಿನಲ್ಲಿ ಪಕ್ಕದ ಬೈಕಿನವನು ನನ್ನ ಗಾಡಿಯನ್ನೇ ನೋಡುತ್ತಿದ್ದ. "ಸಖತ್ತಾಗಿದೆ ಗುರು," ಎಂದು ಹೇಳಿ, ಟ್ಯಾಂಕಿನ ಕಡೆ ಬಗ್ಗಿ ಓದಿ, "ಅದೇನ್ ಅಂಕಲ್, ಮೋಟಾರ್ ಆಫ್ ಮಾಡಿ?" ಎಂದ. ಹಸಿರು ದೀಪ ಬಂತು, ಹೊರಟೆ.

ಹನುಮಂತನಗರದ ಏರು ಶುರುವಾಗುವಲ್ಲಿ ಗಾಡಿಯ ಕೆಳಗಿನಿಂದ ಕರಕರ ಸದ್ದು ಬಂತು. ಸದ್ದಿನ ಹಿಂದೆಯೇ ಸೇವಂತಿಗೆಯ ಎಸಳುಗಳು ಬುರ್ರೆಂದು ಹಾರಿದವು. ಹಿಂದಿನ ಚಕ್ರ ಹಿಡಿದುಕೊಂಡಿತು, ಗಾಡಿ ಎಳೆದಾಡಿಕೊಂಡು ನಿಂತಿತು. ಪುಣ್ಯಕ್ಕೆ ಏರಿನಲ್ಲಿ ನಿಧಾನವಾಗಿದ್ದೆ, ಬೀಳಲಿಲ್ಲ. ಕವರಿಲ್ಲದ ಚೈನು ಎರಡು ಮಾರು ಹಾರದಲ್ಲಿ ಒಂದೂವರೆ ಮಾರನ್ನು ನುಂಗಿ ಕೂತಿತ್ತು! ಬಾಬಣ್ಣ ಆವತ್ತು ಯಾಕೆ ನಗಲಿಲ್ಲ ಎಂಬುದು ಅರ್ಥವಾಯಿತು.

ಕೂತು ಬೆರಳಿನಲ್ಲಿ ಎಳೆದೆ. ನೂಲು ಬಿಗಿದುಕೊಂಡಿತ್ತು, ಕೈಗೆಲ್ಲ ಗ್ರೀಸು. ಗಿರಿಜಾ ಸ್ಕೂಟರ್ ನಿಲ್ಲಿಸಿ ಓಡಿಬಂದಳು. ಕತ್ತರಿ ಕೇಳಲು ಬಾಯಿ ತೆರೆದವನು, ಕತ್ತರಿಯೂ ದೇವರ ಮುಂದಿದೆ ಎಂದು ನೆನಪಾಗಿ ಮುಚ್ಚಿಕೊಂಡೆ. ಗಂಟೆ ಹನ್ನೊಂದೂವರೆ ದಾಟಿತ್ತು.

ಅಲ್ಲಿ ನಿಂತಿದ್ದ ಟ್ರಾಫಿಕ್ ಪೊಲೀಸಿನವರು ನಿಧಾನವಾಗಿ ಬಂದರು. ನಂಬರ್ ಪ್ಲೇಟು ನೋಡಿದರು, ಕನ್ನಡಿ ನೋಡಿದರು, ಬಕೆಟ್ಟಿನ ಮುಖ ನೋಡಿದರು, ನನ್ನ ಶರ್ಟು ನೋಡಿದರು.

"ಪೂಜೆ ಜೋರಾಗಿದೆ ಸಾರ್," ಎಂದರು. "ಮುಂದಕ್ಕೆ ಎಳೀಬೇಡಿ. ನ್ಯೂಟ್ರಲ್ ಹಾಕಿ ಹಿಂದಕ್ಕೆ ತಳ್ಳಿ, ತಾನಾಗೇ ಬಿಟ್ಕೊಳತ್ತೆ."

ಹಿಂದಕ್ಕೆ ತಳ್ಳಿದೆ. ಚೈನು ನುಂಗಿದ್ದನ್ನೆಲ್ಲ ಒಂದೊಂದಾಗಿ ವಾಪಸು ಕೊಟ್ಟಿತು. ಅವರು ನನ್ನ ಗ್ರೀಸಿನ ಕೈಗೇ ಒಂದು ಹಿಡಿ ಕಡ್ಲೆಪುರಿ ಹಾಕಿ, "ಇದನ್ನ ಹಳೇ ಥರ ಮಾಡಿಸ್ಬಿಡಿ ಸಾರ್, ನಿಮ್ಮ ವಯಸ್ಸಿಗೆ," ಎಂದು ಬಹಳ ಮರ್ಯಾದೆಯಿಂದ ಹೇಳಿ ಕಳಿಸಿದರು.

ಮಾವನ ಗೇಟು ಮುಟ್ಟಿದಾಗ ಹನ್ನೆರಡಕ್ಕೆ ಹತ್ತು ನಿಮಿಷ ಇತ್ತು. ಅವರು ಕುರ್ಚಿಯಿಂದ ಎದ್ದು ನಿಂತರು. ಹೊಸ ಪ್ಯಾಂಟು, ಇಸ್ತ್ರಿ ಮಾಡಿದ ಶರ್ಟು, ಹಣೆಯ ಮೇಲೆ ಅಚ್ಚುಕಟ್ಟಾದ ವಿಭೂತಿ. ಎಸಳು ಅಂಟಿದ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಬಂದರು.

"ಕ್ಯಾರಿಯರ್ರು?"

"ತೆಗ್ದೆ ಮಾವ."

"ಸೆಂಟರ್ ಸ್ಟ್ಯಾಂಡು?"

"ಅದೂ ತೆಗ್ದೆ."

ಹಿಂಭಾಗಕ್ಕೆ ಬಂದು ನಿಂತರು. "ಹಿಂದಿನ ಸೀಟು?"

ಗಿರಿಜಾ ತಲೆ ತಗ್ಗಿಸಿದಳು. "ಮಾವ, ಅದು... ಅದನ್ನೂ ತೆಗ್ದುಬಿಟ್ಟೆ," ಎಂದೆ. ಮುಂದೆ ಕ್ಷಮೆ ಕೇಳುವ ಮಾತು ಬರಬೇಕಿತ್ತು. ಅಷ್ಟರಲ್ಲಿ ಅವರು ಹ್ಯಾಂಡಲ್ ಹಿಡಿದು ಗಾಡಿಯನ್ನು ಸೈಡ್ ಸ್ಟ್ಯಾಂಡಿನಿಂದ ನೇರ ಮಾಡಿದರು. ಹಗುರವಾಗಿ ಎದ್ದು ನಿಂತಿತು. ಅವರ ಹುಬ್ಬು ಮೇಲೇರಿತು. ಕಾಲು ದಾಟಿಸಿ ಕೂತರು. ಮಾವ ಐದಡಿ ಮೂರಂಗುಲದ ಮನುಷ್ಯ. ಎರಡೂ ಪಾದ ನೆಲದ ಮೇಲೆ ಪೂರ್ತಿಯಾಗಿ ಊರಿದವು. ಬೆನ್ನು ನೇರ, ಎರಡೂ ಕೈ ಆ ಅಗಲದ ಹ್ಯಾಂಡಲಿನ ಮೇಲೆ ಆರಾಮವಾಗಿ ಕೂತವು.

ನನ್ನ ಕಡೆ ತಿರುಗಿದರು. "ಅಂದ್ರೆ... ನಾನೇ ಓಡಿಸ್ಲಿ ಅಂತಾನಾ ಅಳಿಯಂದ್ರೇ?"

ನಾನು ಹೆಲ್ಮೆಟ್ಟನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿದೆ.

"ಎರಡು ವರ್ಷದಿಂದ ಎಲ್ಲಾರೂ ನನ್ನ ಹಿಂದೆ ಕೂರಿಸೋಕೇ ನೋಡ್ತಿದ್ರು," ಎಂದರು. ಟ್ಯಾಂಕನ್ನು ಅಂಗೈಯಿಂದ ಸವರಿದರು. "ನೀವೊಬ್ರು ಹಿಂದಿನ ಸೀಟೇ ತೆಗೆಸ್ಬಿಟ್ರಲ್ಲ!"

"ಅಪ್ಪಾ, ಬೇಡ..." ಎಂದಳು ಗಿರಿಜಾ.

"ಗಿರಿ, ನೋಡು, ಕಾಲು ಎಟಕತ್ತೆ. ಭಾರ ಇಲ್ಲ, ಸ್ಟ್ಯಾಂಡ್ ಎಳೆಯೋ ಹಂಗಿಲ್ಲ. ಲೈಸೆನ್ಸ್ ಈ ವರ್ಷಾನೇ ರಿನ್ಯೂ ಮಾಡ್ಸಿದೀನಿ. ಹೆಲ್ಮೆಟ್ ಕೊಡಮ್ಮ, ರಾಹುಕಾಲ ಬರತ್ತೆ."

ಅವಳು ಅಪ್ಪನ ಮುಖ ನೋಡಿದಳು. ಆಮೇಲೆ ನನ್ನ ಕೈಯಿಂದ ಹೆಲ್ಮೆಟ್ ಕಸಿದು ಅವರಿಗೆ ತಾನೇ ಹಾಕಿ, ಪಟ್ಟಿಯನ್ನು ಎರಡು ಸಲ ಎಳೆದು ನೋಡಿದಳು. ಪೂಜೆ ಐದು ನಿಮಿಷದಲ್ಲಿ ಮುಗಿಯಿತು. ಆ ಕಪ್ಪು ಟ್ಯಾಂಕಿನ ಮೇಲೆ ಮೂರೆಳೆ ವಿಭೂತಿ ಎಷ್ಟು ಸ್ಪಷ್ಟವಾಗಿ ಮೂಡಿತೆಂದರೆ ಬ್ಲ್ಯಾಕ್‌ಬೋರ್ಡ್ ಪೇಂಟಿಗೆ ನಾನು ಮನಸ್ಸಿನಲ್ಲೇ ಕೈಮುಗಿದೆ. ಮಾವ ಚಕ್ರದ ಕೆಳಗಿನ ನಿಂಬೆಹಣ್ಣು ತುಳಿಸಿ ಹೊರಟರು. ನಾವು ಸ್ಕೂಟರಿನಲ್ಲಿ ಹಿಂದೆ ಹಿಂದೆ. ಹದಿನೈದರ ಸ್ಪೀಡು. ಪ್ರತಿ ತಿರುವಿನಲ್ಲೂ ಇಂಡಿಕೇಟರ್, ಪ್ರತಿ ಪರಿಚಯದವರಿಗೂ ಹಾರ್ನು. ಗುಡ್ಡದ ಮೆಟ್ಟಿಲ ಬುಡದಲ್ಲಿ ಗಾಡಿ ನಿಲ್ಲಿಸಿ, ಹೆಲ್ಮೆಟ್ ತೆಗೆದು, ಕಣ್ಣುಮುಚ್ಚಿ ಕೈಮುಗಿದು ನಿಂತರು. ನಾನೂ ಗ್ರೀಸಿನ ಕೈಯಲ್ಲೇ ಕೈಮುಗಿದೆ.

ಮಧ್ಯಾಹ್ನ ಹೋಳಿಗೆ ಊಟವಾದ ಮೇಲೆ ಬೀದಿಯ ಹಿರಿಯರೆಲ್ಲ ಗಾಡಿ ನೋಡಲು ಬಂದರು. "ನಮ್ಮ ಅಳಿಯಂದ್ರು ಇಂಜಿನಿಯರ್ರೇನಲ್ಲ," ಎಂದು ಮಾವ ವಿವರಿಸುತ್ತಿದ್ದರು, "ಆದ್ರೂ ನೋಡಿ, ನನ್ನ ಮೊಣಕಾಲು, ನನ್ನ ಎತ್ತರ, ಎಲ್ಲಾ ಲೆಕ್ಕ ಹಾಕಿ ಮಾಡಿದಾರೆ!" ನಾನು ವಿನಯದಿಂದ ನೆಲ ನೋಡುತ್ತಾ ಕೂತಿದ್ದೆ. ಕಟ್ಟಲು ಹೊರಟಿದ್ದು ಬೀದಿ ಕಾಳಗದ ಗಾಡಿ, ಆಗಿದ್ದು ಹಿರಿಯ ನಾಗರಿಕರ ಗಾಡಿ! ಒಂದು ರೌಂಡು ಹೋಗಿಬರುತ್ತೇನೆ ಎಂದು ಕೀ ಕೇಳಿದೆ. ಮಾವ ಜೇಬು ಮುಟ್ಟಿಕೊಂಡು, "ನಿಮಗೆ ಸೀಟು ತಗ್ಗಾಗತ್ತೆ ಅಳಿಯಂದ್ರೇ," ಎಂದರು. ಕೀ ಇವತ್ತಿಗೂ ಅದೇ ಜೇಬಿನಲ್ಲಿದೆ. ಮರುವಾರ ಬಾಬಣ್ಣ ಅವರ ಮನೆಗೇ ಹೋಗಿ ಚೈನ್ ಕವರ್ ಹಾಕಿಕೊಟ್ಟು ಬಂದ.

ಸಂಜೆ ಗಿರಿಜಾಳ ಸ್ಕೂಟರಿನಲ್ಲಿ ಕತ್ರಿಗುಪ್ಪೆಗೆ ಹೊರಟೆವು. ಅವಳು ಮುಂದೆ, ನಾನು ಕಡ್ಲೆಪುರಿ ಚೀಲ ಹಿಡಿದುಕೊಂಡು ಹಿಂದೆ. ಮಧ್ಯಾಹ್ನದಿಂದ ಅವಳು ನನ್ನನ್ನು ಎರಡು ಸಲ ಪ್ರೀತಿಯಿಂದ ನೋಡಿದ್ದಳು, ಮೂರನೇ ಹೋಳಿಗೆ ಕೇಳದೆಯೇ ಬಡಿಸಿದ್ದಳು. ಸಲ್ಲದ ಮರ್ಯಾದೆ ಹೊಟ್ಟೆಯಲ್ಲಿ ಹೋಳಿಗೆಗಿಂತ ಭಾರವಾಗಿ ಕೂತಿತ್ತು. ಹೇಳಿಯೇಬಿಡೋಣ ಎಂದು ಗಂಟಲು ಸರಿಮಾಡಿಕೊಂಡೆ.

"ಗಿರಿಜಾ, ಆ ಹಿಂದಿನ ಸೀಟಿನ ವಿಷಯ ಒಂದು ಹೇಳ್ಬೇಕು..."

"ಏನ್ ಹೇಳ್ತೀರಾ? ಮರೆತುಹೋಗಿ ಕೊಯ್ಸಿದ್ದು ತಾನೇ?" ಎಂದಳು, ರಸ್ತೆಯಿಂದ ಕಣ್ಣು ತೆಗೆಯದೆ. "ಮದ್ವೆಯಾಗಿ ಇಪ್ಪತ್ತು ವರ್ಷ ಆಯ್ತು ರೀ. ಅಷ್ಟೆಲ್ಲಾ ಯೋಚ್ನೆ ಮಾಡಿ ಮಾಡೋರು ನೀವಲ್ಲ ಅಂತ ನಂಗೊತ್ತಿಲ್ವಾ? ಅಪ್ಪಂಗೆ ಮಾತ್ರ ಹೇಳೋಕ್ಹೋಗ್ಬೇಡಿ. ಪಾಪ, ಖುಷಿಯಾಗಿದಾರೆ."

"ಆಯ್ತು," ಎಂದೆ.

"ಸರಿಯಾಗಿ ಕೂತ್ಕೊಳ್ಳಿ, ಮುಂದೆ ಹಂಪ್ ಇದೆ."

ನಾನು ಪುರಿ ಚೀಲವನ್ನು ಅಪ್ಪಿಕೊಂಡು ಸರಿಯಾಗಿ ಕೂತುಕೊಂಡೆ.